ಧಗೆಯ ಮನೆ, ಸೆಕೆಯ ಮನೆ

ರೋಹಿಣೀ ನಕ್ಷತ್ರವೆಂದೊಡನೆ ಕನ್ನಡನಾಡಿನ ಬೇಸಾಯಗಾರನ ಮನಸ್ಸಿಗೆ ಬರುವುದು ಮಳೆ. ಆ ಮಳೆಯೊಂದು ಹದವಾಗಿ ಬಿದ್ದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ನಮ್ಮ ಉತ್ತರದ ಜಿಲ್ಲೆಗಳ ಮಕ್ಕಳೂ ಬಲ್ಲರು. ಅದೇ ನಕ್ಷತ್ರದಲ್ಲಿ ಸೂರ್ಯನು ಸಂಚರಿಸುವ ಅದೇ ಮೇ ತಿಂಗಳ ಕಡೆಯ ದಿನಗಳಲ್ಲಿ, ನಮ್ಮ ಆಲಮಟ್ಟಿ ನಾರಾಯಣಪುರಗಳನ್ನು ದಾಟಿ ಹೋದ ಕೃಷ್ಣೆಯು ಸಮುದ್ರವನ್ನು ಸೇರುವುದಕ್ಕೆ ಮುಂಚೆ ತನ್ನ ದಂಡೆಯಲ್ಲಿರಿಸಿಕೊಂಡಿರುವ ವಿಜಯವಾಡದಲ್ಲಿ ಜನರ ಬಾಯಲ್ಲಿರುವ ಗಾದೆ ಬೇರೆ: ರೋಹಿಣೀ ಕಾರ್ತೆಯಲ್ಲಿ ಒರಳುಕಲ್ಲು ಬಿರಿಯುತ್ತದೆ. ಒರಳು ಬಿರಿದದ್ದನ್ನು ನಾನು ಕಂಡಿಲ್ಲ. ಆದರೆ ನಡುಹಗಲಲ್ಲಿ ಮಾಳಿಗೆಯ ಮೇಲೆ ಹರಡಿದ್ದ ಹಪ್ಪಳವನ್ನು ತೆಗೆಯಲು ಬರಿಗಾಲಲ್ಲಿ ಹೋದ ನನ್ನ ತಾಯಿಯವರ ಅಂಗಾಲಿನಲ್ಲಿ ಬೊಬ್ಬೆ ಎದ್ದದ್ದನ್ನು ಕಂಡಿದ್ದೇನೆ. ಕೆಲವು ವರ್ಷಗಳಲ್ಲಿ ಅಲ್ಲಿಯ ಉಷ್ಣಮಾನ 45 ಡಿಗ್ರಿಯನ್ನು ದಾಟಿದ್ದುಂಟು.

ನನ್ನ ತಂದೆಯವರು ಆ ಊರನ್ನು ಜನ ಇನ್ನೂ ಬೆಜವಾಡವೆಂದೇ ಕರೆಯುತ್ತಿದ್ದ ಕಾಲದಲ್ಲಿ ಕುಂದಾಪುರದ ಕಡೆಯಿಂದ ಹೋಟೆಲಿನ ಕೆಲಸಕ್ಕೆಂದು ಹೋಗಿ, ಕ್ರಮೇಣ ತಮ್ಮದೇ ಒಂದು ಚಿಕ್ಕ ಹೋಟೆಲನ್ನು ನಡೆಸಿ, ಸತ್ಯನಾರಾಯಣಪುರದಲ್ಲಿ ಒಂದು ಹಳೆಯ ಮನೆಯನ್ನು ಕೊಂಡುಕೊಂಡರು. ನನ್ನ ಅಕ್ಕನನ್ನು ಕೊಟ್ಟದ್ದು ವಿಶಾಖಪಟ್ಟಣಕ್ಕೆ. ಅವಳ ಮನೆ ಮಹಾರಾಣಿಪೇಟೆಯಲ್ಲಿ, ಕಡಲಿನ ಭೋರ್ಗರೆತ ರಾತ್ರಿಯ ಹೊತ್ತು ಕಿವಿಗೆ ಬೀಳುವಷ್ಟು ಸಮೀಪದಲ್ಲಿದೆ. ಈ ಎರಡು ಮನೆಗಳನ್ನು ಕೆಡವದೆ ದುರಸ್ತಿಗೊಳಿಸಿ, ವಿದ್ಯುತ್ತಿನ ವೆಚ್ಚ ತಗ್ಗುವಂತೆಯೂ ವಾಸಕ್ಕೆ ಹಿತವಾಗುವಂತೆಯೂ ಮಾಡುವುದರಲ್ಲಿ ನಮ್ಮ ಕುಟುಂಬವು ಕಳೆದ ಕೆಲವು ವರ್ಷಗಳಲ್ಲಿ ಕಂಡುಕೊಂಡದ್ದನ್ನು, ಅದಕ್ಕೂ ಮುಂಚೆ ಮಾಡಿದ ತಪ್ಪುಗಳೊಡನೆ, ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಎರಡು ಊರುಗಳಿಗೂ ನಡುವೆ ಇರುವುದು ಸುಮಾರು 350 ಕಿಲೋಮೀಟರುಗಳ ದೂರ. ದೇಶವನ್ನು ಐದು ಹವಾವಲಯಗಳಾಗಿ ವಿಂಗಡಿಸಿರುವ ನಕ್ಷೆಯಲ್ಲಿ ಪೂರ್ವ ಕರಾವಳಿಯ ಪಟ್ಟಿಯೆಲ್ಲ ಉಷ್ಣಾರ್ದ್ರವೆಂಬ ಒಂದೇ ಬಣ್ಣದಲ್ಲಿದೆ. ಆದರೆ ಕನ್ನಡದಲ್ಲಿ ಧಗೆಯೆಂಬುದು ಒಂದು, ಸೆಕೆಯೆಂಬುದು ಇನ್ನೊಂದು. ಚರ್ಮವನ್ನು ಒಣಗಿಸಿ ಕಣ್ಣನ್ನು ಉರಿಸುವುದು ಧಗೆ. ಮೈಯನ್ನು ತೊಯ್ಯಿಸಿ, ಬೆವರನ್ನು ಆರಗೊಡದೆ ಉಸಿರನ್ನು ಭಾರವಾಗಿಸುವುದು ಸೆಕೆ. ಸುತ್ತಲೂ ಬೋಳುಬಂಡೆಯ ಗುಡ್ಡಗಳಿರುವ, ಆ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಇರುಳೆಲ್ಲ ಹೊರಸೂಸುವ ವಿಜಯವಾಡದ ಬೇಸಗೆ ಧಗೆಯದು, ವಿಶಾಖಪಟ್ಟಣದ್ದು ಸೆಕೆಯದು. ಈ ಎರಡನ್ನೂ ಕಂಡ ಒಂದು ಸಂಸ್ಥೆಯುಂಟು: 1926ರಲ್ಲಿ ಬೆಜವಾಡದಲ್ಲಿ ಹುಟ್ಟಿದ ಆಂಧ್ರ ವಿಶ್ವವಿದ್ಯಾಲಯವು 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿನ ದಿಣ್ಣೆಗಳಿಗೆ ಹೋಗಿ ನೆಲೆಸಿತು. ಅದರ ಮೊದಲ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ ಅವರ ತರುವಾಯ ಬಂದ ರಾಧಾಕೃಷ್ಣನ್ ಅವರೂ ಮೊದಲು ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಮೈಸೂರಿನ ತಂಪನ್ನು ಬಲ್ಲ ಆ ಹಿರಿಯರಿಗೆ ಈ ಎರಡು ಬಗೆಯ ಬೇಗೆಗಳು ಹೇಗೆ ತೋರಿದ್ದವೋ ಎಂದು ನಾನು ಅನೇಕ ಸಲ ಯೋಚಿಸಿದ್ದುಂಟು.

ಮೊದಲು ಧಗೆಯ ಮನೆಯ ವಿಚಾರ. ನಮ್ಮ ಮನೆಯ ಮುಂಭಾಗಕ್ಕೆ ಇರುವುದು ಆ ಕಡೆಯವರು ಮದರಾಸು ತಾರಸಿಯೆಂದು ಕರೆಯುವ ಮಾಳಿಗೆ: ತೇಗದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿ, ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಹರಡಿ, ಅಳಲೆಕಾಯಿ ಬೆಲ್ಲಗಳ ನೀರನ್ನು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ತಟ್ಟಿ ತಟ್ಟಿ ಗಟ್ಟಿಮಾಡಿದ, ಒಂದು ಗೇಣಿನಷ್ಟು ದಪ್ಪವುಳ್ಳ ಮಾಳಿಗೆ ಅದು. ಹಿಂಭಾಗದಲ್ಲಿ ಅಡಿಗೆಮನೆಯ ಮೇಲೂ ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆಗಳ ಮೇಲೂ ಇರುವುದು ಆಮೇಲಿನ ಕಾಲದ ಕಾಂಕ್ರೀಟು. ಐದು ಅಂಗುಲವನ್ನು ಮೀರದು. ಹೀಗೆ ಒಂದೇ ಗೋಡೆಯ ಆಚೆ ಈಚೆ ಎರಡು ಯುಗಗಳ ಮಾಳಿಗೆಗಳು ಅಕ್ಕಪಕ್ಕದಲ್ಲಿ ಒಂದೇ ಬಿಸಿಲಿಗೆ ಬೆನ್ನೊಡ್ಡಿಕೊಂಡು ನಿಂತಿದ್ದವು. ಅವುಗಳ ಅಂತರವನ್ನು ನಾವು ಗಮನಿಸಿದ್ದು ಬಹಳ ತಡವಾಗಿ.

ಒಂದು ರಾತ್ರಿ, ಸುಮಾರು ಹತ್ತು ಗಂಟೆಯ ಸಮಯದಲ್ಲಿ, ಹಿಂದಿನ ಕೋಣೆಯ ಕೆಟ್ಟುಹೋದ ಫ್ಯಾನನ್ನು ಬಿಚ್ಚಲು ಏಣಿಯನ್ನೇರಿದ ನಾನು ಆಯ ತಪ್ಪದಿರಲೆಂದು ಅಂಗೈಯನ್ನು ಮೇಲ್ಛಾವಣಿಗೆ ಒತ್ತಿದೆ. ಒತ್ತಿದ ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದೆ. ದೋಸೆ ಹುಯ್ದು ಮುಗಿಸಿ ಒಲೆಯಿಂದಿಳಿಸಿದ ಕಾವಲಿಯು ಕಾಲುಗಂಟೆಯ ಮೇಲೆ ಹೇಗಿರುತ್ತದೆಯೋ ಹಾಗಿತ್ತು ಆ ಸೂರು. ಸೂರ್ಯ ಮುಳುಗಿ ಮೂರು ಗಂಟೆಗಳಿಗೂ ಮಿಕ್ಕಿತ್ತು. ಕುತೂಹಲದಿಂದ ಅದೇ ಏಣಿಯನ್ನು ಮುಂದಿನ ಪಡಸಾಲೆಗೆ ಒಯ್ದು, ತೊಲೆಗಳ ನಡುವಿನ ಇಟ್ಟಿಗೆಯನ್ನು ಮುಟ್ಟಿ ನೋಡಿದರೆ ಅದು ಬೆಚ್ಚಗಿತ್ತು, ಅಷ್ಟೆ. ಮರುದಿನ ತಂದೆಯವರಿಗೆ ಇದನ್ನು ಹೇಳಿದಾಗ ಅವರು, ಬೇಸಗೆಯಲ್ಲಿ ತಾವು ಇಷ್ಟು ವರ್ಷವೂ ಪಡಸಾಲೆಯಲ್ಲಿಯೇ ಮಲಗುತ್ತಿದ್ದುದರ ಕಾರಣ ಈಗ ಹೊಳೆಯಿತೆ ಎಂದರು.

ಕಾರಣವನ್ನು ಶಾಸ್ತ್ರವೂ ಹೇಳುತ್ತದೆ. ಕಾಂಕ್ರೀಟು ಶಾಖವನ್ನು ಸುಲಭವಾಗಿ ಒಳಕ್ಕೆ ದಾಟಿಸುವ ವಸ್ತು. ಬೂದುಬಣ್ಣದ ಅದರ ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಮಧ್ಯಾಹ್ನದ ಆ ಶಾಖ ಸಂಜೆಯ ಹೊತ್ತಿಗೆ ಕೆಳಮೈಗೆ ಇಳಿದು, ನಾವು ಮಲಗುವ ವೇಳೆಗೆ ಸರಿಯಾಗಿ ನಮ್ಮ ಮೈಮೇಲೆ ಕವಿಯಲಾರಂಭಿಸುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯು ವಾಸದ ಮನೆಗಳಿಗಾಗಿ 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಇಕೋ ನಿವಾಸ ಸಂಹಿತೆ’ಯು ಮಾಳಿಗೆಯ ಮೂಲಕ ಒಳಬರುವ ಶಾಖಕ್ಕೆ ಒಂದು ಮೇರೆಯನ್ನು ಗೊತ್ತುಮಾಡಿದೆ: ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿದ್ದರೆ ಒಂದು ಚದರ ಮೀಟರಿಗೆ 1.2 ವಾಟಿಗಿಂತ ಹೆಚ್ಚು ದಾಟಕೂಡದು. ಬರಿಯ ಕಾಂಕ್ರೀಟಿನ ಮಾಳಿಗೆಯು ಬಿಟ್ಟುಕೊಡುವುದು ಅದರ ಎರಡೂವರೆಯಿಂದ ಮೂರು ಪಟ್ಟು. ಅಂಥ ಸೂರಿನಡಿಯಲ್ಲಿ ತಂಪುಯಂತ್ರವನ್ನು, ಎಂದರೆ ಏ.ಸಿ.ಯನ್ನು, ನಡೆಯಿಸುವುದು ತಳದಲ್ಲಿ ರಂಧ್ರವಿರುವ ಕೊಡಕ್ಕೆ ನೀರು ಹೊತ್ತುಹಾಕಿದಂತೆ.

ನಾವು ಹಾಗೆಯೇ ನೀರು ಹೊತ್ತೆವು. ತಂದೆಯವರಿಗೆ ಕೈಲಾಗದೆ ಹೋದ ಮೇಲೆ ಮನೆಯ ಯಜಮಾನಿಕೆ ನಮ್ಮ ಅಣ್ಣತಮ್ಮಂದಿರ ಕೈಗೆ ಬಂದಾಗ ನಾವು ಮಾಡಿದ ಮೊದಲ ಸುಧಾರಣೆಯೆಂದರೆ, ಮನೆಯ ನಡುವೆ ಆಕಾಶಕ್ಕೆ ತೆರೆದುಕೊಂಡಿದ್ದ ಅಂಗಳಕ್ಕೆ ಕಾಂಕ್ರೀಟಿನ ಮುಚ್ಚಳವನ್ನು ಹಾಕಿ ಅದನ್ನೊಂದು ಊಟದ ಕೋಣೆಯನ್ನಾಗಿ ಮಾರ್ಪಡಿಸಿದ್ದು. ನಮ್ಮವರು ತೊಟ್ಟಿಯೆಂದೂ ಕರಾವಳಿ ಆಂಧ್ರದವರು ಮಂಡುವಾ ಎಂದೂ ಕರೆಯುವ ಆ ತೆರಪು, ಒಳಗಿನ ಬಿಸಿಗಾಳಿಯು ಮೇಲಕ್ಕೇರಿ ಹೊರಟುಹೋಗುವ ದಾರಿಯಾಗಿತ್ತೆಂಬುದನ್ನು ಅರಿಯದೆ, ಧೂಳಿನ ಭಯಕ್ಕೂ ಕಳ್ಳರ ಭಯಕ್ಕೂ ಒಳಗಾಗಿ ಅದನ್ನು ಮುಚ್ಚಿದೆವು. ಗೋಡೆಯ ಮೇಲ್ಭಾಗದಲ್ಲಿದ್ದ ಗವಾಕ್ಷಿಗಳಿಗೆ ತಂಪುಯಂತ್ರದ ಗಾಳಿ ಸೋರದಿರಲೆಂದು ಸಿಮೆಂಟು ಮೆತ್ತಿಸಿದೆವು. ಮನೆ ಹಗಲಿನಲ್ಲಿಯೂ ದೀಪವನ್ನು ಬೇಡುವಂತಾಯಿತು. ಹಿಂದಿನ ಕೋಣೆಗಳಿಗೆ ಬಂದ ಬಾಡಿಗೆದಾರರು ಒಬ್ಬರಾದ ಮೇಲೊಬ್ಬರು ಬೇಸಗೆ ಕಾಲಿಡುತ್ತಲೇ ಗಂಟುಮೂಟೆ ಕಟ್ಟಿದರು. ಇದರಲ್ಲಿ ಮೇಸ್ತ್ರಿಯದಾಗಲಿ ಅಂಗಡಿಯವರದಾಗಲಿ ದೋಷವಿಲ್ಲ. ಮನೆ ನಮ್ಮದು, ಬುದ್ಧಿಯೂ ನಮ್ಮದೇ.

ಸರಿಪಡಿಸುವ ಕೆಲಸಕ್ಕೆ ಬಂದವನು ಒಬ್ಬ ಮುದಿ ಗಾರೆಮೇಸ್ತ್ರಿ. ಮಾಳಿಗೆಯ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಕರಣೆಯ ಹಿಡಿಯಿಂದ ಮಾರಿಗೊಂದು ಸಲ ಕುಟ್ಟಿ, ಶಬ್ದವನ್ನು ಆಲಿಸುತ್ತ ಸಾಗಿದ ಅವನು, “ಬಾಬೂ, ಇಲ್ಲಿ ಟೊಳ್ಳು, ಇಲ್ಲಿ ಬಿರುಕು, ಮೊದಲು ನೀರನ್ನು ನಿಲ್ಲಿಸೋಣ, ಆಮೇಲೆ ಬಿಸಿಲಿನ ಮಾತು” ಎಂದ. ಆ ಕ್ರಮವನ್ನು ನಾನು ಎಲ್ಲರಿಗೂ ಹೇಳಬಯಸುತ್ತೇನೆ. ಸೋರುವ ಮಾಳಿಗೆಯ ಮೇಲೆ ಎಷ್ಟು ಬೆಲೆಯುಳ್ಳ ಬಣ್ಣವನ್ನು ಬಳಿದರೂ ಅದು ಮೊದಲ ಮಳೆಗಾಲದವರೆಗಿನ ಸೊಗಸು. ಬಿರುಕುಗಳನ್ನು ಬಿಡಿಸಿ ತುಂಬಿ, ನೀರು ನಿಲ್ಲದಂತೆ ಇಳಿಜಾರನ್ನು ತಿದ್ದಿ, ತರುವಾಯ ಹಿಂಭಾಗದ ಕಾಂಕ್ರೀಟಿನ ಮೇಲೆ, ಅದು ಭಾರವನ್ನು ತಾಳಬಲ್ಲುದೆಂದು ಒಬ್ಬ ಎಂಜಿನಿಯರರಿಂದ ಖಚಿತಪಡಿಸಿಕೊಂಡು, ಚಿಕ್ಕ ಮಣ್ಣಿನ ಕುಡಿಕೆಗಳನ್ನು ಬೋರಲಾಗಿ ಒತ್ತೊತ್ತಾಗಿ ಜೋಡಿಸಿದೆವು. ಕುಡಿಕೆಯೊಳಗೆ ಸೆರೆಯಾದ ಗಾಳಿಯೇ ಶಾಖಕ್ಕೆ ತಡೆ. ಸಂದುಗಳಿಗೂ ಮೇಲಕ್ಕೂ ಸುಣ್ಣ ಇಟ್ಟಿಗೆಚೂರುಗಳ ಗಾರೆ. ಅದರ ಮೇಲೆ ಒಡೆದ ಬಿಳಿಯ ಪಿಂಗಾಣಿ ಬಿಲ್ಲೆಗಳ ಹಾಸು. ಕುಂಬಾರನ ಗಾಡಿಯಿಂದ ಇಳಿದ ಆ ಕುಡಿಕೆಗಳ ರಾಶಿಯನ್ನು ಕಂಡ ನೆರೆಯವರು ಯಾವ ಮದುವೆಯೆಂದು ವಿಚಾರಿಸಿದರು. ಮುಂಭಾಗದ ಹಳೆಯ ಮಾಳಿಗೆಗೆ ಮಾತ್ರ ಬೇರೇನನ್ನೂ ಮಾಡದೆ, ಸುಣ್ಣದ ನೀರಿಗೆ ಅಂಟು ಬೆರೆಸಿ ಎರಡು ಸಲ ಬಳಿದೆವು.

ಈ ಸುಣ್ಣದ ವಿಷಯವಾಗಿ ಒಂದು ಮಾತನ್ನು ಹೆಚ್ಚಾಗಿಯೇ ಹೇಳಬೇಕು. ಹೊಸದಾಗಿ ಬಳಿದ ಸುಣ್ಣವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಪ್ಪತ್ತು ಭಾಗವನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ಬೂದುಬಣ್ಣದ ಕಾಂಕ್ರೀಟು ಹಿಂದಿರುಗಿಸುವುದು ಮೂವತ್ತರ ಆಸುಪಾಸು. ಹಣವಿಲ್ಲದವನ ಮನೆಗೂ ಎಟುಕುವ, ಒಂದು ದಿನದಲ್ಲಿ ಮುಗಿಯುವ, ಕಂತ್ರಾಟುದಾರನನ್ನು ಬೇಡದ ಉಪಾಯವಿದು. ಆದರೆ ಧೂಳು ಕುಳಿತಂತೆಲ್ಲ, ಮಳೆಗೆ ಪಾಚಿ ಕಟ್ಟಿದಂತೆಲ್ಲ ಅದರ ಶಕ್ತಿ ಕುಂದುವುದರಿಂದ ವರ್ಷಕ್ಕೊಮ್ಮೆ, ನಮ್ಮ ಮನೆಯಲ್ಲಿ ಶಿವರಾತ್ರಿ ಕಳೆದ ವಾರದಲ್ಲಿ, ಅದನ್ನು ಮತ್ತೆ ಬಳಿಯಲೇಬೇಕು.

ಅಂಗಳದ ಮುಚ್ಚಳವನ್ನು ಒಡೆಸಿದ ದಿನ ತಾಯಿಯವರು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿತು. ಮೇಲೆ ಕಬ್ಬಿಣದ ಜಾಲರಿಯನ್ನು ಕೂಡಿಸಿ ಕಳ್ಳರ ಭಯವನ್ನೂ, ಬೇಕಾದಾಗ ಎಳೆಯಬಹುದಾದ ಪರದೆಯಿಂದ ನಡುಹಗಲಿನ ಬಿಸಿಲನ್ನೂ ತಡೆದಿದ್ದೇವೆ. ಗವಾಕ್ಷಿಗಳನ್ನು ಬಿಡಿಸಿದ್ದೇವೆ. ಮೇ ತಿಂಗಳಲ್ಲಿ ಅಂಗಳದ ಬಾಗಿಲಿಗೆ ಲಾವಂಚದ ತಟ್ಟಿಯನ್ನು ತೂಗುಹಾಕಿ ನೀರು ಚಿಮುಕಿಸಿದರೆ, ಒಣಗಾಳಿಯು ಆ ತೇವವನ್ನು ಹೀರಿ ತಂಪಾಗಿ ಪರಿಮಳದೊಡನೆ ಒಳಕ್ಕೆ ಬರುತ್ತದೆ. ತಂಪುಯಂತ್ರ ಈಗಲೂ ಇದೆ. ಹಿರಿಯರೂ ಹಸುಗೂಸುಗಳೂ ಇರುವ ಮನೆಯಲ್ಲಿ ರೋಹಿಣೀ ಕಾರ್ತೆಯ ಮಧ್ಯಾಹ್ನಗಳಿಗೆ ಅದು ಬೇಕು. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ ತೆಲಂಗಾಣಗಳಲ್ಲಿ ಸಾವಿರಕ್ಕೂ ಮಿಕ್ಕಿದ ಜನ ಬಲಿಯಾದುದನ್ನು ಕಂಡವರು ಅದನ್ನು ವಿಲಾಸವೆಂದು ಜರೆಯಲಾರರು. ಆದರೆ ಅದನ್ನು 24 ಡಿಗ್ರಿಗಿಂತ ಕೆಳಕ್ಕೆ ಇಳಿಸುವ ಅಗತ್ಯ ಈಗ ಬರುತ್ತಿಲ್ಲ. ಒಂದೊಂದು ಡಿಗ್ರಿ ಮೇಲಕ್ಕಿರಿಸಿದರೂ ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಸಂಸ್ಥೆಯವರ ಲೆಕ್ಕ.

ಫ್ಯಾನಿನ ಲೆಕ್ಕವನ್ನು ನಾನೇ ಹಾಕಿದ್ದೇನೆ. ಹಳೆಯ ಫ್ಯಾನು 75 ವಾಟು ಉಣ್ಣುತ್ತದೆ, ಈಗಿನ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನಿಗೆ 30 ವಾಟು ಸಾಕು. ನಾಲ್ಕು ಫ್ಯಾನುಗಳು ದಿನಕ್ಕೆ 15 ಗಂಟೆ ತಿರುಗುವ ನಮ್ಮಂಥ ಮನೆಯಲ್ಲಿ ಇದರಿಂದ ತಿಂಗಳಿಗೆ 80 ಯೂನಿಟ್ಟಿನಷ್ಟು ಉಳಿತಾಯ. ವಿಜಯವಾಡದ ಹೊರವಲಯದ ಇಬ್ರಹೀಂಪಟ್ಟಣದಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಶಾಖವಿದ್ಯುತ್ ಕೇಂದ್ರದ ಚಿಮಣಿಗಳು ನಿಂತಿವೆ. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುವುದೆಂಬ ಲೆಕ್ಕ ಹಿಡಿದರೆ, ನಾಲ್ಕು ಫ್ಯಾನುಗಳನ್ನು ಬದಲಿಸಿದ ಒಂದು ಸಂಸಾರವು ತಿಂಗಳಿಗೆ ಅರ್ಧ ಕ್ವಿಂಟಾಲಿಗೂ ಮಿಕ್ಕ ಕಲ್ಲಿದ್ದಲನ್ನು ಉರಿಯಗೊಡದೆ ಉಳಿಸಿತು.

ಇನ್ನು ಸೆಕೆಯ ಮನೆ. ವಿಜಯವಾಡದ ಗೆಲುವಿನ ಹುರುಪಿನಲ್ಲಿ ನಾನು ಅಕ್ಕನಿಗೂ ಒಂದು ಲಾವಂಚದ ತಟ್ಟಿಯನ್ನು ಒಯ್ದು ಕೊಟ್ಟೆ. ಎರಡೇ ದಿನಗಳಲ್ಲಿ ಅವಳು, “ನಿನ್ನ ತಟ್ಟಿಯನ್ನು ನೀನೇ ಕೊಂಡುಹೋಗು ಮಾರಾಯ, ಹಾಸಿಗೆಯೆಲ್ಲ ತೊಯ್ದಂತಾಗಿದೆ” ಎಂದಳು. ನೀರಿನಂಶದಿಂದ ಆಗಲೇ ತುಂಬಿತುಳುಕುವ ಗಾಳಿಗೆ ಮತ್ತೆ ನೀರನ್ನುಣಿಸುವುದು ಅವಿವೇಕವೆಂಬುದನ್ನು ಕಡಲ ಕರೆಯಲ್ಲಿ ಬೆಳೆದ ನಾನಾದರೂ ತಿಳಿದಿರಬೇಕಾಗಿತ್ತು. ಅಲ್ಲಿಯ ಮದ್ದು ಚಲಿಸುವ ಗಾಳಿಯೊಂದೇ.

ಮೊದಲು ಆ ಮನೆಯಲ್ಲಿ ಗಾಳಿಗೇನೂ ಕೊರತೆಯಿರಲಿಲ್ಲ. ಮೂಡಣ ಗೋಡೆಯ ಎತ್ತರದ ಕಿಟಕಿಗಳಿಗೆ ಓರೆಯಾದ ಮರದ ಪಟ್ಟಿಗಳನ್ನು ಕೂಡಿಸಿದ ಕದಗಳಿದ್ದವು. ಬಿಸಿಲನ್ನೂ ಇರಚಲನ್ನೂ ಹೊರಗಿರಿಸಿ ಕಡಲ ಗಾಳಿಯನ್ನು ಮಾತ್ರ ಒಳಕ್ಕೆ ಬಿಡುತ್ತಿದ್ದವು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ನೇರವಾಗಿ ಆ ನಗರದ ಮೇಲೆಯೇ ಬಂದಪ್ಪಳಿಸಿದಾಗ ಆ ಕದಗಳಲ್ಲಿ ಅರ್ಧಕ್ಕರ್ಧ ಕಿತ್ತುಹೋದವು. ಅನೇಕ ದಿನಗಳವರೆಗೆ ವಿದ್ಯುತ್ತಿಲ್ಲ; ಊರಿನ ಮರಗಳೆಲ್ಲ ನೆಲಕ್ಕೊರಗಿದ್ದವು. ಆ ಕತ್ತಲೆಯ ದಿನಗಳಲ್ಲಿ, ಕಿಟಕಿಗಳೆಲ್ಲ ಬಾಯ್ದೆರೆದಿದ್ದುದರಿಂದಲೇ ಫ್ಯಾನಿಲ್ಲದೆಯೂ ಮಲಗಲು ಸಾಧ್ಯವಾಯಿತೆಂದು ಅಕ್ಕ ಹೇಳುತ್ತಾಳೆ. ಆದರೆ ಭಯವೆಂಬುದು ಅನುಭವಕ್ಕಿಂತ ಬೇಗನೆ ನಿರ್ಧಾರಗಳನ್ನು ಮಾಡಿಸುತ್ತದೆ. ಭಾವನವರು ಅಲ್ಲೆಲ್ಲ ತೆರೆಯಲು ಬಾರದ ದಪ್ಪ ಗಾಜನ್ನು ಕೂರಿಸಿಬಿಟ್ಟರು. ಬಿಸಿಲು ಒಳಕ್ಕೆ ಬಂತು, ಗಾಳಿ ಹೊರಗುಳಿಯಿತು, ಕಡಲಿನ ಸದ್ದು ನಿಂತುಹೋಯಿತು.

ಆ ಗಾಜನ್ನು ತೆಗೆಸಲು ಭಾವನವರನ್ನು ಒಪ್ಪಿಸುವುದೇ ದುರಸ್ತಿಯ ಅತ್ಯಂತ ಕಠಿಣವಾದ ಭಾಗವಾಗಿತ್ತು. ಕಡೆಗೆ, ಗೋಡೆಗೆ ಆಳವಾಗಿ ಬಂಧಿಸಿದ ಚೌಕಟ್ಟುಗಳಲ್ಲಿ ಹಳೆಯ ಮಾದರಿಯ ಪಟ್ಟಿಯ ಕದಗಳನ್ನೇ, ಗಾಳಿಯ ಕಾಲಕ್ಕೆ ಒಳಗಿನಿಂದ ಅಡ್ಡಪಟ್ಟಿ ಹಾಕಿ ಭದ್ರಪಡಿಸುವಂತೆ ಮಾಡಿಸಿದೆವು; ತಿರುಗಣೆಗಳು ಹಿತ್ತಾಳೆಯವು, ಏಕೆಂದರೆ ಉಪ್ಪುಗಾಳಿಯು ಕಬ್ಬಿಣದ್ದನ್ನು ತಿಂದುಹಾಕುತ್ತದೆ. ಅಷ್ಟೇ ಅಲ್ಲ, ಆ ಉಪ್ಪು ಕಾಂಕ್ರೀಟಿನ ಒಳಕ್ಕೂ ಇಳಿದು ಅಲ್ಲಿಯ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದ ಸರಳು ಸಜ್ಜೆಯನ್ನು ಸೀಳುತ್ತದೆ. ಅಕ್ಕನ ಮನೆಯ ಸಜ್ಜೆಗಳಿಂದ ಉದುರಿದ ಹೋಳುಗಳ ಹಿಂದೆ ಕೆಂಪಗೆ ಹೊರಟಿದ್ದ ಸರಳುಗಳನ್ನು ಉಜ್ಜಿ ಶುಚಿಗೊಳಿಸಿ, ತುಕ್ಕುನಿರೋಧಕವನ್ನು ಲೇಪಿಸಿ ಮತ್ತೆ ಕಟ್ಟಿದ ಮೇಲಲ್ಲದೆ ಬಣ್ಣದ ಡಬ್ಬಿಯನ್ನು ತೆರೆಯಬಾರದೆಂದು ನಾನು ಹಟ ಹಿಡಿದೆ. ಮಾಳಿಗೆಯ ಮೇಲೆ ಈಗ ಮೂರು ಕಿಲೋವಾಟಿನ ಸೌರಫಲಕಗಳಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಿಂದ ಅಷ್ಟಕ್ಕೆ 78,000 ರೂಪಾಯಿಯ ಸಹಾಯಧನ ಸಿಗುತ್ತದೆ. ದಿನಕ್ಕೆ ಹನ್ನೆರಡು ಯೂನಿಟ್ಟಿನಷ್ಟು ಬೆಳೆ. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಅವು ಮಾಳಿಗೆಗೆ ಕೊಡುವ ನೆರಳು. ಆದರೆ ಆ ಊರಿನಲ್ಲಿ ಫಲಕದ ಕಾಲುಗಳನ್ನು ಕಟ್ಟಡದ ಕಂಬಗಳಿಗೇ ಬಿಗಿಯದೆ ಬರಿಯ ಭಾರವಿಟ್ಟು ನಿಲ್ಲಿಸುವುದು ಅಪಾಯ.

ಬೆಲೆಯ ಮಾತು ಉಳಿಯಿತು. ಆಂಧ್ರಪ್ರದೇಶದ ವಿಭಜನೆಯಾಗಿ ರಾಜಧಾನಿಯ ಮಾತು ವಿಜಯವಾಡದ ಸುತ್ತ ಎದ್ದಂದಿನಿಂದ ನಮ್ಮ ಬೀದಿಯ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ನಮ್ಮ ಬಾಗಿಲಿಗೂ ಜನ ಬಂದಿದ್ದಾರೆ. ಅವರ ಲೆಕ್ಕದಲ್ಲಿ ಬೆಲೆಯಿರುವುದು ನಿವೇಶನಕ್ಕೆ. ಮನೆಗೆ ಸೊನ್ನೆ, ಅದನ್ನು ಕೆಡವುವ ಖರ್ಚು ಬೇರೆ. ನಾನು ಅರ್ಥಶಾಸ್ತ್ರಜ್ಞನಲ್ಲ. ಆದರೆ ಆ ತೇಗದ ತೊಲೆಗಳನ್ನು ಬೆಳೆಸಲು ಹಿಡಿದ ವರ್ಷಗಳು, ಆ ಇಟ್ಟಿಗೆಗಳನ್ನು ಸುಡಲು ಉರಿದ ಸೌದೆ, ಆ ಸುಣ್ಣವನ್ನು ತಟ್ಟಿದ ಕೈಗಳ ದುಡಿಮೆ, ಇವೆಲ್ಲ ಒಮ್ಮೆ ವೆಚ್ಚವಾಗಿ ಮನೆಯ ಮೈಯಲ್ಲಿ ಸೇರಿಹೋಗಿವೆ. ಅದನ್ನು ಲಾರಿಯಲ್ಲಿ ತುಂಬಿ ಹಳ್ಳಕ್ಕೆ ಸುರಿದು, ಮತ್ತೆ ಅಷ್ಟೇ ಸಿಮೆಂಟನ್ನೂ ಕಬ್ಬಿಣವನ್ನೂ ಕಾಸಿ ಕರಗಿಸಿ ಹೊಸದನ್ನೆತ್ತುವುದು, ಮೇಲೆ ‘ಇಂಧನ ಉಳಿತಾಯದ ಮನೆ’ಯೆಂದು ಹೆಸರಿಡುವುದು, ನನ್ನ ಮನಸ್ಸಿಗೆ ಒಪ್ಪದು. ನಮ್ಮ ಹಿಂದಿನ ಕೋಣೆಗಳಲ್ಲಿ ಮೂರು ಬೇಸಗೆಗಳಿಂದ ಒಂದೇ ಸಂಸಾರ ನಿಂತಿದೆ. ಕಳೆದ ವರ್ಷ ಬಾಡಿಗೆಯನ್ನು ಏರಿಸಿದಾಗ ಅವರು ಎರಡನೆಯ ಮಾತನಾಡಲಿಲ್ಲ. ಅಣ್ಣನಿಗೆ ಇಷ್ಟು ಸಾಕಾಯಿತು; ಮಾರುವ ವಿಚಾರವನ್ನು ಅವನು ಮತ್ತೆ ಎತ್ತಿಲ್ಲ.

ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್‌ನಗರದ ಭಾಗವೆಲ್ಲ ದಿನಗಟ್ಟಲೆ ನೀರಿನಲ್ಲಿ ನಿಂತದ್ದನ್ನು ಕಂಡ ಮೇಲೆ, ನಮ್ಮ ಮನೆಯ ವಿದ್ಯುತ್ ತಂತಿಗಳನ್ನೂ ಪ್ಲಗ್ಗುಗಳನ್ನೂ ಎದೆಯೆತ್ತರಕ್ಕೆ ಏರಿಸಬೇಕೆಂದು ನಿಶ್ಚಯಿಸಿದ್ದೇವೆ, ಅರ್ಧ ಆಗಿದೆ. ಪಡುವಣ ಗೋಡೆಯಂತೂ ಇನ್ನೂ ಬಾಕಿ. ಮಧ್ಯಾಹ್ನ ಮೂರರಿಂದ ಸೂರ್ಯಾಸ್ತದವರೆಗೆ ಅದು ಒಲೆಯ ಪಕ್ಕದ ಕಲ್ಲಿನಂತೆ ಕಾಯುತ್ತದೆ. ಮುದಿ ಮೇಸ್ತ್ರಿ ಹೊರಡುವ ದಿನ ಆ ಗೋಡೆಯಿಂದ ಎಂಟು ಹೆಜ್ಜೆ ಅಳೆದು, ಒಂದು ಬೇವಿನ ಸಸಿಯನ್ನು ತಾನೇ ನೆಟ್ಟು, ಸುತ್ತ ಒಡೆದ ಕುಡಿಕೆಗಳ ಕಟ್ಟೆ ಕಟ್ಟಿ ಹೋದ. ಸಸಿ ಈಗ ಕಿಟಕಿಯ ಕೆಳಅಂಚಿನ ಎತ್ತರಕ್ಕೆ ಬಂದಿದೆ. ಅದು ಸೂರಿನವರೆಗೆ ಬೆಳೆಯುವ ತನಕ ಇರಲೆಂದು ಗೋಡೆಯ ಉದ್ದಕ್ಕೂ ಬಿದಿರಿನ ಪರದೆಗಳನ್ನು ಇಳಿಬಿಟ್ಟಿದ್ದೇವೆ. ಸಂಜೆ ಗಿಡಕ್ಕೆ ನೀರು ಹಾಕಿದ ಮೇಲೆ ಅವನ್ನು ಸುತ್ತಿ ಮೇಲಕ್ಕೆ ಕಟ್ಟುವುದು ಬಾಡಿಗೆದಾರರ ಚಿಕ್ಕ ಮಗನ ಕೆಲಸ.